ಶತಕಕ್ಕೆ ಮೂರು ಕಡಿಮೆ

ಚೆನ್ನೈಗೆ ಕೆಲಸಕ್ಕೆ ಬಂದ ಹೊಸತು. ತಿರುವಲ್ಲಿಕ್ಕೇಣಿಯಲ್ಲಿ ಒಂದು ಹಳೇ ಮನೆಯ ಮಹಡಿ ಬಾಡಿಗೆಗಿದೆ ಎಂದು ಸಹೋದ್ಯೋಗಿಯೊಬ್ಬ ಹೇಳಿದ. ಹೋಗಿ ನೋಡಿದರೆ ಮಾಲೀಕರು ಅರವತ್ತು ದಾಟಿದ, ನಿವೃತ್ತ ಹಿರಿಯರು. ಮದುವೆಯಾಗದ ಹುಡುಗರಿಗೆ ಮನೆ ಕೊಡುವುದಿಲ್ಲ ಎಂದು ಬಾಗಿಲಲ್ಲೇ ಹೇಳಿಬಿಟ್ಟರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಸುಮ್ಮನೆ ಮಾತಿಗೆಂದು ಊರು ಯಾವುದು ಎಂದು ಕೇಳಿದರು.

"ಭದ್ರಾವತಿ ಸಾರ್, ಶಿವಮೊಗ್ಗದ ಹತ್ತಿರ" ಎಂದೆ.

"ವಿಶ್ವನಾಥ್ ಹುಟ್ಟಿದ ಊರಾ?"

ಹೌದು ಎಂದೆ. "ಒಳಗೆ ಬಾಪ್ಪಾ, ಕಾಫಿ ಕುಡಿದು ಹೋಗು" ಎಂದರು.

ಅವರ ಮನೆಯಿಂದ ಚೆಪಾಕ್ ಮೈದಾನಕ್ಕೆ ನಡೆದುಕೊಂಡೇ ಹೋಗಬಹುದು. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ನಡೆದಾಗ ಅವರು ರಜೆ ಹಾಕಿ ಹೋಗಿ ಕೂತಿದ್ದರಂತೆ. ಅಂದು ವಿಶ್ವನಾಥ್ ಹೊಡೆದದ್ದು ಔಟಾಗದೆ 97. ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ, ನಡುನಡುವೆ ಎದ್ದು ನಿಂತು ಮಣಿಕಟ್ಟು ತಿರುಗಿಸಿ ತೋರಿಸುತ್ತಾ, ಎರಡು ಲೋಟ ಕಾಫಿ ಮುಗಿಯುವವರೆಗೂ ಅದೊಂದೇ ಇನಿಂಗ್ಸ್ ಹೇಳಿದರು. ಕೊನೆಗೆ ಮನೆಯ ಬೀಗದ ಕೈ ಕೊಟ್ಟರು.

ನಾನು ಆ ಮ್ಯಾಚ್ ನಡೆದಾಗ ಹುಟ್ಟಿಯೇ ಇರಲಿಲ್ಲ. ನಮ್ಮ ಕಾಲದ ಹುಡುಗರಿಗೆ ಕ್ರಿಕೆಟ್ ಎಂದರೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್. ವಿಶ್ವನಾಥ್ ಅಪ್ಪನ ಬಾಯಲ್ಲಿ ಬರುತ್ತಿದ್ದ ಹೆಸರು. ಆ ರಾತ್ರಿ ಕೂತು ಅವರ ದಾಖಲೆಗಳನ್ನು ತೆಗೆದು ನೋಡಿದೆ. ಒಂದು ವಿಷಯ ವಿಚಿತ್ರ ಎನಿಸಿತು. ಅದೇ ಚೆಪಾಕ್‌ನಲ್ಲಿ 1982ರಲ್ಲಿ ಇಂಗ್ಲೆಂಡ್ ವಿರುದ್ಧ ವಿಶ್ವನಾಥ್ 222 ಹೊಡೆದಿದ್ದಾರೆ. ಅವರ ಟೆಸ್ಟ್ ಜೀವನದ ಅತಿ ದೊಡ್ಡ ಮೊತ್ತ ಅದು. ಮಾರನೇ ದಿನ ಕೇಳಿದರೆ, ಆ ಮ್ಯಾಚನ್ನೂ ನಮ್ಮ ಮಾಲೀಕರು ನೋಡಿದ್ದರು! ಆದರೆ ಅದರ ಬಗ್ಗೆ ಹೇಳಲು ಅವರಿಗೆ ಹೆಚ್ಚೇನೂ ಇರಲಿಲ್ಲ. "ಅದೂ ಚೆನ್ನಾಗಿತ್ತು" ಎಂದು ಮತ್ತೆ 97ಕ್ಕೆ ಬಂದರು.

ಎರಡು ನೂರ ಇಪ್ಪತ್ತೆರಡು ರನ್ನಿಗಿಂತ ತೊಂಬತ್ತೇಳು ದೊಡ್ಡದಾಗುವುದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಬಿಡಲಿಲ್ಲ. ಅದಕ್ಕೆ ಕ್ರಿಕೆಟ್ಟಿನ ಆಚೆಗಿನ ಒಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಭದ್ರಾವತಿಯಿಂದ ಕಾನ್ಪುರಕ್ಕೆ

ಗುಂಡಪ್ಪ ರಂಗನಾಥ ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಭದ್ರಾವತಿಯಲ್ಲಿ. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಎತ್ತರ ಐದಡಿ ಮೂರಂಗುಲ. ಮೊದಲ ನೋಟಕ್ಕೆ ಯಾರೂ ಇವನು ವೇಗದ ಬೌಲರುಗಳನ್ನು ಎದುರಿಸುತ್ತಾನೆ ಎಂದು ಹೇಳುವ ಮೈಕಟ್ಟಲ್ಲ.

1967ರಲ್ಲಿ, 18ರ ಹರೆಯದಲ್ಲಿ, ಆಂಧ್ರ ವಿರುದ್ಧ ವಿಜಯವಾಡದಲ್ಲಿ ರಣಜಿಗೆ ಕಾಲಿಟ್ಟರು. ನಮ್ಮ ತಂಡಕ್ಕೆ ಆಗ ಮೈಸೂರು ಎಂದೇ ಹೆಸರು. ಆ ಮೊದಲ ಪಂದ್ಯದಲ್ಲೇ 230 ಹೊಡೆದರು. ಎರಡು ವರ್ಷದ ನಂತರ, 1969ರ ನವೆಂಬರಿನಲ್ಲಿ, ಬಿಲ್ ಲಾರಿಯ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ ಕಾನ್ಪುರದ ಎರಡನೇ ಟೆಸ್ಟಿಗೆ ಆಯ್ಕೆಯಾದರು. ಬೊಂಬಾಯಿಯ ಮೊದಲ ಟೆಸ್ಟನ್ನು ಭಾರತ ಸೋತಾಗಿತ್ತು.

ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಇಪ್ಪತ್ತು ವರ್ಷದ ಹುಡುಗ, ಮೊದಲ ಟೆಸ್ಟ್, ಸೊನ್ನೆ. ಮುಂದಿನ ಟೆಸ್ಟಿಗೆ ಕರೆ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು? ನಾಯಕ ಪಟೌಡಿ ಹತ್ತಿರ ಬಂದು ತಲೆ ಕೆಡಿಸಿಕೊಳ್ಳಬೇಡ, ನೀನು ನೂರು ಹೊಡೆಯುತ್ತೀಯ ಎಂದು ಧೈರ್ಯ ಹೇಳಿದ್ದನ್ನು ವಿಶ್ವನಾಥ್ ಇಂದಿಗೂ ನೆನೆಯುತ್ತಾರೆ. ಎರಡನೇ ಇನಿಂಗ್ಸಿನಲ್ಲಿ ಅವರು ಹೊಡೆದದ್ದು 137. ಅದರಲ್ಲಿ 25 ಬೌಂಡರಿ, ಅಂದರೆ ನೂರು ರನ್ ಬರೀ ಬೌಂಡರಿಗಳಲ್ಲೇ. ರಣಜಿಯಂಥ ಪ್ರಥಮ ದರ್ಜೆ ಪಂದ್ಯದ ಪ್ರವೇಶದಲ್ಲೂ ಟೆಸ್ಟ್ ಪ್ರವೇಶದಲ್ಲೂ ಶತಕ ಹೊಡೆದ ಮೊದಲಿಗರು ಅವರೇ.

ಆದರೆ ಆ ಕಾಲದಲ್ಲಿ ಮೊದಲ ಟೆಸ್ಟಿನ ಶತಕಕ್ಕೆ ಒಂದು ಅಪಶಕುನ ಅಂಟಿಕೊಂಡಿತ್ತು. ವಿಶ್ವನಾಥ್‌ಗಿಂತ ಮುಂಚೆ ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್ ಹೀಗೆ ಐವರು ಭಾರತೀಯರು ಮೊದಲ ಟೆಸ್ಟಿನಲ್ಲಿ ನೂರು ಹೊಡೆದಿದ್ದರು. ಐವರಲ್ಲಿ ಒಬ್ಬರಿಗೂ ಎರಡನೇ ಶತಕ ಬಂದಿರಲಿಲ್ಲ. ವಿಶ್ವನಾಥ್‌ಗೂ ಮೂರು ವರ್ಷ ಬರಲಿಲ್ಲ. 1973ರ ಫೆಬ್ರವರಿಯಲ್ಲಿ ಬೊಂಬಾಯಿಯ ಬ್ರೇಬೋರ್ನ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ 113 ಹೊಡೆದಾಗ ಆ ಶಕುನ ಮುರಿಯಿತು. ಆರೂವರೆ ಅಡಿಯ ಟೋನಿ ಗ್ರೇಗ್ ಓಡಿಬಂದು ವಿಶ್ವನಾಥ್‌ರನ್ನು ಎತ್ತಿ, ತೋಳಲ್ಲಿ ಮಲಗಿಸಿಕೊಂಡು ಮಗುವನ್ನು ತೂಗುವಂತೆ ತೂಗಿದ. ಎದುರಾಳಿ ತಂಡದವನೇ ಹೀಗೆ ಸಂಭ್ರಮಿಸಿದ್ದು ವಿಶ್ವನಾಥ್ ಎಂಥ ಮನುಷ್ಯ ಎಂಬುದಕ್ಕೂ ಒಂದು ಸಾಕ್ಷಿ.

ಮುಂಬೈಯಲ್ಲಿರುವ ಓದುಗರಿಗೆ ಸ್ವಲ್ಪ ಕಹಿಯಾಗಿ, ನಮಗೆಲ್ಲ ಸಿಹಿಯಾಗಿ ನೆನಪಿರಬೇಕಾದ ಇನ್ನೊಂದು ಇನಿಂಗ್ಸ್ ಇದೆ. ಬೊಂಬಾಯಿ ತಂಡ 1958-59ರಿಂದ ಸತತ ಹದಿನೈದು ವರ್ಷ ರಣಜಿ ಗೆದ್ದಿತ್ತು. ಹದಿನೈದು ವರ್ಷ! ಬೇರೆ ರಾಜ್ಯದ ಒಂದು ತಲೆಮಾರಿನ ಆಟಗಾರರು ರಣಜಿ ಟ್ರೋಫಿಯನ್ನು ಕೈಯಲ್ಲಿ ಹಿಡಿಯದೇ ನಿವೃತ್ತರಾದರು. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಋತುವಿನ ಸೆಮಿಫೈನಲ್ಲಿನಲ್ಲಿ, 1974ರ ಮಾರ್ಚಿನಲ್ಲಿ, ಬೆಂಗಳೂರಿಗೆ ಬೊಂಬಾಯಿ ಬಂತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಪ್ರಸನ್ನ ಮತ್ತು ಚಂದ್ರಶೇಖರ್ ಕೈಗೆ ಚೆಂಡು. ಗವಾಸ್ಕರ್ ಪ್ರಸನ್ನಗೆ ಬೌಲ್ಡ್ ಆದದ್ದನ್ನು ಬೆಂಗಳೂರಿನ ಹಳಬರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಮೊದಲ ಇನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಗೆದ್ದಿತು. ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಹೊಸ ಹೆಸರಿನ ಮೊದಲ ವರ್ಷದಲ್ಲೇ ಟ್ರೋಫಿ ತಂದಿತು.

ಚೆಪಾಕ್, ಜನವರಿ 1975

ಆ ಗೆಲುವಿನ ನಂತರ ಭಾರತ ತಂಡಕ್ಕೆ ಕೆಟ್ಟ ಕಾಲ ಬಂತು. 1974ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿ ಮೂರಕ್ಕೆ ಮೂರೂ ಟೆಸ್ಟ್ ಸೋತರು. ಲಾರ್ಡ್ಸ್‌ನಲ್ಲಿ ಒಂದು ಇನಿಂಗ್ಸಿನಲ್ಲಿ 42ಕ್ಕೆ ಎಲ್ಲರೂ ಔಟ್. ತಂಡ ಒಡೆದು ಹೋಗಿತ್ತು. ಅದೇ ವರ್ಷದ ಕೊನೆಗೆ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ಬಂತು. ಪಟೌಡಿಯನ್ನು ಮತ್ತೆ ಕರೆದು ನಾಯಕತ್ವ ಕೊಟ್ಟರು.

ಬೆಂಗಳೂರಿನಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್ ಈ ಸರಣಿಯದೇ. ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಜೀವನ ಶುರುಮಾಡಿದ್ದು ಅಲ್ಲೇ. ಭಾರತ 267 ರನ್ನುಗಳಿಂದ ಸೋತಿತು. ದೆಹಲಿಯಲ್ಲಿ ರಿಚರ್ಡ್ಸ್ ಔಟಾಗದೆ 192 ಹೊಡೆದ. ಭಾರತಕ್ಕೆ ಇನಿಂಗ್ಸ್ ಸೋಲು. ಗಾಯಗೊಂಡ ಗವಾಸ್ಕರ್ ಎರಡು, ಮೂರು, ನಾಲ್ಕನೇ ಟೆಸ್ಟ್ ಆಡಲಿಲ್ಲ. ಐದು ಟೆಸ್ಟುಗಳ ಸರಣಿಯಲ್ಲಿ 0-2. ಕಲ್ಕತ್ತಾದಲ್ಲಿ ವಿಶ್ವನಾಥ್ 52 ಮತ್ತು 139 ಹೊಡೆದರು. ಕೊನೆಯ ದಿನ ನಮ್ಮ ಸ್ಪಿನ್ನರುಗಳು ವೆಸ್ಟ್ ಇಂಡೀಸನ್ನು ಉರುಳಿಸಿ ಭಾರತ 85 ರನ್ನುಗಳಿಂದ ಗೆದ್ದಿತು. ಆಮೇಲೆ ಮದ್ರಾಸು.

ಮೊದಲು ಬ್ಯಾಟ್ ಮಾಡಿದ್ದು ಭಾರತ. ಪಿಚ್ಚಿನಲ್ಲಿ ಚೆಂಡು ಪುಟಿದೇಳುತ್ತಿತ್ತು. ಎದುರಿಗೆ ಆಂಟಿಗಾದ ಆಂಡಿ ರಾಬರ್ಟ್ಸ್. ಆಗ ಜಗತ್ತಿನಲ್ಲೇ ಅತಿ ವೇಗದ ಬೌಲರುಗಳಲ್ಲಿ ಒಬ್ಬ, ಅದಕ್ಕಿಂತ ಹೆಚ್ಚಾಗಿ ತಲೆ ಓಡಿಸುವ ಬೌಲರ್. ಅವನ ಬತ್ತಳಿಕೆಯಲ್ಲಿ ಎರಡು ಬಗೆಯ ಬೌನ್ಸರ್ ಇದ್ದವು. ಒಂದು ಸ್ವಲ್ಪ ನಿಧಾನದ್ದು. ಅದನ್ನು ಹೊಡೆದು ಬ್ಯಾಟ್ಸ್‌ಮನ್ ಧೈರ್ಯ ಬೆಳೆಸಿಕೊಳ್ಳಲಿ ಎಂದು. ಆಮೇಲೆ ಅದೇ ಓಟ, ಅದೇ ಕೈ, ಆದರೆ ಚೆಂಡು ಮಾತ್ರ ಇನ್ನೊಂದು ವೇಗದಲ್ಲಿ ಮುಖಕ್ಕೆ ಬರುತ್ತಿತ್ತು. ಆಗಿನ್ನೂ ಹೆಲ್ಮೆಟ್ ಇಲ್ಲದ ಕಾಲ ಎಂಬುದನ್ನು ಮರೆಯಬಾರದು.

ಒಂದು ಕಡೆಯಿಂದ ವಿಕೆಟ್ ಬೀಳುತ್ತಲೇ ಹೋದವು. ಮೊತ್ತ 117 ಆಗುವಷ್ಟರಲ್ಲಿ ಎಂಟು ಜನ ವಾಪಸ್. ಉಳಿದವರು ಬೇಡಿ ಮತ್ತು ಚಂದ್ರಶೇಖರ್. ಚಂದ್ರಶೇಖರ್ ಬ್ಯಾಟಿಂಗ್ ಬಗ್ಗೆ ಒಂದು ಮಾತು ಹೇಳಿದರೆ ಸಾಕು: ಟೆಸ್ಟಿನಲ್ಲಿ ಅವರು ತೆಗೆದ ವಿಕೆಟ್ 242, ಹೊಡೆದ ರನ್ 167.

ಇಲ್ಲಿಂದ ಮುಂದೆ ವಿಶ್ವನಾಥ್ ಮಾಡಿದ್ದೇ ಆ ಇನಿಂಗ್ಸಿನ ಜೀವ. ಕೊನೆಯ ಬ್ಯಾಟ್ಸ್‌ಮನ್‌ಗಳ ಜೊತೆ ಆಡುವಾಗ ರನ್ ಹೊಡೆಯುವುದು ಅರ್ಧ ಕೆಲಸ. ಯಾವ ಚೆಂಡಿಗೆ ಒಂದು ರನ್ ಓಡಬೇಕು, ಯಾವ ಚೆಂಡಿಗೆ ಓಡಬಾರದು, ಓವರಿನಲ್ಲಿ ಇನ್ನೆಷ್ಟು ಚೆಂಡು ಉಳಿದಿದೆ, ಮುಂದಿನ ಓವರಿನಲ್ಲಿ ರಾಬರ್ಟ್ಸ್ ಎದುರು ಯಾರು ನಿಲ್ಲಬೇಕು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರಬೇಕು. ಫೀಲ್ಡರುಗಳು ಬೌಂಡರಿಗೆ ಹರಡಿಕೊಂಡು, ಸುಲಭದ ಒಂದು ರನ್ ಕೊಟ್ಟು ಬಾಲಂಗೋಚಿಯನ್ನು ಎದುರಿಗೆ ತರಲು ಕಾಯುತ್ತಿರುತ್ತಾರೆ. ಬ್ಯಾಟ್ಸ್‌ಮನ್ ಬೌಂಡರಿ ಹೊಡೆಯಬೇಕು, ಆದರೆ ಔಟಾಗಬಾರದು.

ವಿಶ್ವನಾಥ್ ಬಳಿ ಅದಕ್ಕೆ ತಕ್ಕ ಒಂದು ಹೊಡೆತವಿತ್ತು, ಸ್ಕ್ವೇರ್ ಕಟ್. ಆಫ್ ಸ್ಟಂಪಿನ ಹೊರಗೆ ಗಿಡ್ಡಗೆ ಬಿದ್ದು ಎದ್ದ ಚೆಂಡನ್ನು ಬೇರೆಯವರು ಹಿಂದೆ ಸರಿದು ಬಿಟ್ಟುಬಿಡುತ್ತಿದ್ದರು. ಈ ಗಿಡ್ಡ ಮನುಷ್ಯ ತುದಿಗಾಲಲ್ಲಿ ನಿಂತು, ಚೆಂಡಿನ ಮೇಲಿಂದ ಬ್ಯಾಟನ್ನು ಇಳಿಸಿ, ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸುತ್ತಿದ್ದರು. ಚೆಂಡು ನೆಲ ಹಿಡಿದು ಪಾಯಿಂಟ್ ಪಕ್ಕದಿಂದ ಹೋಗುತ್ತಿತ್ತು. ಪಾಯಿಂಟಿಗೆ ಇನ್ನೊಬ್ಬ ಫೀಲ್ಡರನ್ನು ಹಾಕಿದರೆ ಅದೇ ಚೆಂಡನ್ನು ಇನ್ನೂ ತಡವಾಗಿ ಆಡಿ ಲೇಟ್ ಕಟ್ ಮಾಡುತ್ತಿದ್ದರು. ಬಲದ ಹೊಡೆತಕ್ಕೆ ಫೀಲ್ಡರನ್ನು ನಿಲ್ಲಿಸಬಹುದು. ಕೊನೇ ಗಳಿಗೆಯವರೆಗೂ ದಿಕ್ಕು ಗೊತ್ತಾಗದ ಹೊಡೆತಕ್ಕೆ ಎಲ್ಲಿ ನಿಲ್ಲಿಸುವುದು? ನಮ್ಮ ಮಾಲೀಕರು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತು ತೋರಿಸಿದ್ದು ಇದನ್ನೇ.

ಬೇಡಿ 14 ಹೊಡೆದು ಜೊತೆ ಕೊಟ್ಟರು. ಒಂಬತ್ತನೇ ವಿಕೆಟ್ಟಿಗೆ 52 ರನ್ ಬಂತು. ಚಂದ್ರಶೇಖರ್ ಬಂದ ಮೇಲೆ ಇನ್ನೂ 21. ವಿಶ್ವನಾಥ್ 97 ಮುಟ್ಟಿದರು. ಆಗ ರಾಬರ್ಟ್ಸ್ ಚೆಂಡಿಗೆ ಚಂದ್ರ ಬ್ಯಾಟ್ ತಾಗಿಸಿ ಲಾಯ್ಡ್ ಕೈಗೆ ಕ್ಯಾಚ್ ಕೊಟ್ಟರು. ಭಾರತ 190. ರಾಬರ್ಟ್ಸ್ 64ಕ್ಕೆ 7. ತಂಡದ ಮೊತ್ತದ ಅರ್ಧಕ್ಕಿಂತ ಹೆಚ್ಚು ಒಬ್ಬನದೇ. ಉಳಿದವರಲ್ಲಿ ಒಬ್ಬರೂ 20 ಮುಟ್ಟಲಿಲ್ಲ.

ಆ 97ರ ಬೆಲೆ ಗೊತ್ತಾಗಿದ್ದು ಮುಂದಿನ ದಿನಗಳಲ್ಲಿ. ವೆಸ್ಟ್ ಇಂಡೀಸ್ 192ಕ್ಕೆ ಔಟ್, ಮುನ್ನಡೆ ಬರೀ ಎರಡು ರನ್. ಪ್ರಸನ್ನಗೆ ಐದು ವಿಕೆಟ್. ಎರಡನೇ ಇನಿಂಗ್ಸಿನಲ್ಲಿ ಅಂಶುಮಾನ್ ಗಾಯಕವಾಡ್ 80, ವಿಶ್ವನಾಥ್ 46, ಭಾರತ 256. ವೆಸ್ಟ್ ಇಂಡೀಸ್ 154ಕ್ಕೆ ಮುಗಿಯಿತು. ಭಾರತಕ್ಕೆ ಸರಿಯಾಗಿ 100 ರನ್ನುಗಳ ಗೆಲುವು. 0-2 ಇದ್ದ ಸರಣಿ 2-2 ಆಯಿತು. ಮೊದಲ ದಿನ 117ಕ್ಕೆ 8 ಇದ್ದಾಗ ಇನ್ನಿಬ್ಬರು ಹತ್ತಿಪ್ಪತ್ತು ರನ್ನಿಗೆ ಹೋಗಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ.

ಬೊಂಬಾಯಿಯ ಐದನೇ ಟೆಸ್ಟ್ ಹೊಸ ವಾಂಖೆಡೆ ಮೈದಾನದ ಮೊದಲ ಟೆಸ್ಟ್. ಲಾಯ್ಡ್ ಔಟಾಗದೆ 242 ಹೊಡೆದು ಸರಣಿ ಗೆದ್ದುಕೊಂಡ. ವಿಶ್ವನಾಥ್ ಅಲ್ಲಿಯೂ 95ಕ್ಕೆ ಔಟಾದರು. ಐದು ಟೆಸ್ಟಿನಲ್ಲಿ ಒಟ್ಟು 568 ರನ್. ಶತಕ ಎಣಿಸಲು ಹೋದರೆ ಒಂದೇ ಒಂದು.

ಯಾವಾಗ ಹೊಡೆದ ರನ್ನು

ವಿಶ್ವನಾಥ್ ಆಡಿದ್ದು 91 ಟೆಸ್ಟ್. ಅದರಲ್ಲಿ 87 ಸತತವಾಗಿ. ಒಟ್ಟು 6080 ರನ್, 14 ಶತಕ, ಸರಾಸರಿ 41.93. ಜೊತೆಯಲ್ಲೇ ಆಡಿದ, ಅವರ ಹೆಂಡತಿಯ ಅಣ್ಣನೂ ಆದ ಗವಾಸ್ಕರ್ 10,122 ರನ್, 34 ಶತಕ. ಪಟ್ಟಿಯಲ್ಲಿಟ್ಟು ನೋಡಿದರೆ ಇಬ್ಬರಿಗೂ ಹೋಲಿಕೆಯೇ ಇಲ್ಲ. ಆದರೂ ಗವಾಸ್ಕರ್ ತಮ್ಮ ಮಗನಿಗೆ ಹೆಸರಿಡುವಾಗ ತಾವು ಮೆಚ್ಚಿದ ಮೂವರು ಬ್ಯಾಟ್ಸ್‌ಮನ್‌ಗಳನ್ನು ಸೇರಿಸಿ ರೋಹನ್ ಜೈವಿಶ್ವ ಎಂದಿಟ್ಟರು. ರೋಹನ್ ಕನ್ಹಾಯ್, ಜೈಸಿಂಹ, ಮೂರನೆಯವರು ವಿಶ್ವನಾಥ್.

41.93ರಲ್ಲಿ ಕಾಣದ್ದು ಏನೆಂದು ತಿಳಿಯಬೇಕಾದರೆ ಆ 14 ಶತಕಗಳನ್ನು ಒಂದೊಂದಾಗಿ ನೋಡಬೇಕು. ನಾನು ನೋಡಿದೆ. ನಾಲ್ಕರಲ್ಲಿ ಭಾರತ ಗೆದ್ದಿದೆ, ಹತ್ತರಲ್ಲಿ ಡ್ರಾ. ವಿಶ್ವನಾಥ್ ನೂರು ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ.

ಗೆದ್ದ ನಾಲ್ಕರಲ್ಲಿ ಒಂದು ಆಗಲೇ ಹೇಳಿದ ಕಲ್ಕತ್ತಾ. ಇನ್ನೊಂದು 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್. ಕೊನೆಯ ಇನಿಂಗ್ಸಿನಲ್ಲಿ ಬೇಕಾದ್ದು 403. ನಾಲ್ಕನೇ ಇನಿಂಗ್ಸಿನಲ್ಲಿ 400 ದಾಟಿ ಗೆದ್ದ ತಂಡ ಅಲ್ಲಿಯವರೆಗೆ ಒಂದೇ, 1948ರಲ್ಲಿ ಲೀಡ್ಸ್‌ನಲ್ಲಿ ಆಡಿದ ಬ್ರಾಡ್ಮನ್‌ರ ಆಸ್ಟ್ರೇಲಿಯಾ. ಗವಾಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶ್ವನಾಥ್ 112. ಭಾರತ 4 ವಿಕೆಟ್ಟಿಗೆ 406. ಮೂವರು ಸ್ಪಿನ್ನರುಗಳನ್ನು ನಂಬಿ ಸೋತ ಲಾಯ್ಡ್ ಆಮೇಲೆ ವೇಗದ ಬೌಲರುಗಳನ್ನೇ ನೆಚ್ಚಿಕೊಂಡ. ಅದರ ಮೊದಲ ಏಟು ಬಿದ್ದದ್ದು ಮುಂದಿನ ಟೆಸ್ಟಿನಲ್ಲಿ ನಮಗೇ. ಕಿಂಗ್‌ಸ್ಟನ್‌ನ ಎರಡನೇ ಇನಿಂಗ್ಸಿನಲ್ಲಿ ಗಾಯದಿಂದ ಐವರು ಬ್ಯಾಟ್ ಮಾಡಲೇ ಇಲ್ಲ. ಅವರಲ್ಲಿ ಬೆರಳು ಮುರಿದುಕೊಂಡ ವಿಶ್ವನಾಥ್ ಕೂಡ ಒಬ್ಬರು.

ಮೂರನೆಯದು 1979ರ ಜನವರಿ, ಮತ್ತೆ ಚೆಪಾಕ್, ಮತ್ತೆ ವೆಸ್ಟ್ ಇಂಡೀಸ್, ಮತ್ತೆ ವೇಗದ ಪಿಚ್. ವಿಶ್ವನಾಥ್ 124, ಭಾರತ ಮೂರು ವಿಕೆಟ್ಟಿನಿಂದ ಗೆದ್ದಿತು.

ನಾಲ್ಕನೆಯದು 1981ರ ಫೆಬ್ರವರಿ, ಮೆಲ್ಬರ್ನ್. ಈ ಟೆಸ್ಟ್ ಎಂದರೆ ಎಲ್ಲರಿಗೂ ಎರಡು ವಿಷಯ ನೆನಪಿಗೆ ಬರುತ್ತದೆ. ಎಲ್‌ಬಿಡಬ್ಲ್ಯು ತೀರ್ಪಿನಿಂದ ಸಿಟ್ಟಾದ ಗವಾಸ್ಕರ್ ಜೊತೆಗಾರ ಚೇತನ್ ಚೌಹಾಣ್‌ರನ್ನೂ ಕರೆದುಕೊಂಡು ಹೊರನಡೆಯಲು ಹೊರಟಿದ್ದು, ಮತ್ತೆ ಗಾಯಗೊಂಡಿದ್ದ ಕಪಿಲ್ ದೇವ್ 28ಕ್ಕೆ 5 ವಿಕೆಟ್ ತೆಗೆದು ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿದ್ದು. ಮೊದಲ ಇನಿಂಗ್ಸಿನಲ್ಲಿ ಲಿಲಿ, ಪ್ಯಾಸ್ಕೋ ಎದುರು ಭಾರತ ಹೊಡೆದ 237ರಲ್ಲಿ 114 ಯಾರದು ಎಂದು ಕೇಳಿದರೆ ಬಹಳ ಜನ ತಡವರಿಸುತ್ತಾರೆ. ಆ ಸರಣಿಯಲ್ಲಿ ಅಲ್ಲಿಯವರೆಗೆ ರನ್ ಬರದೆ ತತ್ತರಿಸಿದ್ದ ವಿಶ್ವನಾಥ್‌ರದು. ಗೆದ್ದದ್ದು 59 ರನ್ನುಗಳಿಂದ.

ಈಗ ಆ 222ಕ್ಕೆ ಬನ್ನಿ. 1982ರ ಜನವರಿ, ಚೆಪಾಕ್. ಬ್ಯಾಟಿಂಗಿಗೆ ಹೇಳಿ ಮಾಡಿಸಿದ ಪಿಚ್. ಯಶಪಾಲ್ ಶರ್ಮಾ 140. ಇಬ್ಬರೂ ಸೇರಿ 316 ರನ್. ಎರಡನೇ ದಿನ ಪೂರ್ತಿ ಒಂದು ವಿಕೆಟ್ಟೂ ಬೀಳಲಿಲ್ಲ. ಪಂದ್ಯ ಡ್ರಾ. ಸುಂದರವಾದ ಇನಿಂಗ್ಸೇ ಇರಬೇಕು. ಆದರೆ ಅಂದು ವಿಶ್ವನಾಥ್ 60ಕ್ಕೆ ಔಟಾಗಿದ್ದರೂ ಆ ಪಿಚ್ಚಿನಲ್ಲಿ ಭಾರತಕ್ಕೆ ಅಂಥ ಅಪಾಯ ಇರುತ್ತಿರಲಿಲ್ಲ. 1975ರಲ್ಲಿ ಅವರು ಔಟಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಸರಾಸರಿಯ ಲೆಕ್ಕಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಗ್ಯಾಲರಿಯಲ್ಲಿ ಬಿಸಿಲಿಗೆ ಕೂತಿದ್ದವರಿಗೆ ಗೊತ್ತಿತ್ತು. 2001ರಲ್ಲಿ ವಿಸ್ಡನ್ ಆರಿಸಿದ ಟೆಸ್ಟಿನ ನೂರು ಶ್ರೇಷ್ಠ ಇನಿಂಗ್ಸ್‌ಗಳಲ್ಲಿ ಶತಕವಲ್ಲದ ಈ 97 ಇದೆ.

ನನ್ನ ಕಥೆ ಹೇಳುತ್ತೇನೆ ಎಂದಿದ್ದೆ. ನಮ್ಮ ಐಟಿ ಕೆಲಸದಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್ ಬರುತ್ತದೆ. ಓದುಗರಲ್ಲಿ ಬಹಳ ಜನಕ್ಕೆ ಅದರ ಸುಖ ಗೊತ್ತು. ತಂಡದಲ್ಲಿ ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ ಇರಲೇಬೇಕು ಎಂಬ ನಿಯಮ. ಕೆಲವು ವರ್ಷದ ಹಿಂದೆ ನನ್ನ ತಂಡದಲ್ಲಿ ಒಬ್ಬ ಹುಡುಗನಿದ್ದ, ಮಾತು ಕಡಿಮೆ. ತಿಂಗಳ ಕೊನೆಯ ಒಂದು ರಾತ್ರಿ ಕ್ಲೈಂಟಿನ ಸಿಸ್ಟಮ್ ಕೆಟ್ಟು ನಿಂತಿತು. ದೊಡ್ಡವರೆಲ್ಲ ಕಾನ್ಫರೆನ್ಸ್ ಕಾಲಿನಲ್ಲಿ ಒಬ್ಬರ ಮೇಲೊಬ್ಬರು ಹೇಳಿಕೊಳ್ಳುತ್ತಿದ್ದಾಗ ಅವನೊಬ್ಬ ಬೆಳಗಿನ ಜಾವದವರೆಗೂ ಕೂತು ತಪ್ಪು ಹುಡುಕಿ ಸರಿಮಾಡಿದ. ಬೆಳಗಾಗುವಷ್ಟರಲ್ಲಿ ಪ್ರಾಜೆಕ್ಟ್ ಉಳಿದಿತ್ತು.

ಆ ವರ್ಷದ ಕೊನೆಗೆ ಎಕ್ಸೆಲ್ ಶೀಟ್ ತೆರೆದರೆ ಅವನು ಮುಗಿಸಿದ ಟಿಕೆಟ್ಟುಗಳ ಸಂಖ್ಯೆ ಎಲ್ಲರಿಗಿಂತ ಕಡಿಮೆ. ಕೆಳಗೆ ಯಾರನ್ನಾದರೂ ಹಾಕಲೇಬೇಕಿತ್ತು. ಹಾಕಿದೆ. ಕರೆದು ಹೇಳಿದಾಗ ಅವನು ಜಗಳವಾಡಲಿಲ್ಲ. "ಆ ರಾತ್ರಿ ಯಾವ ಕಾಲಮ್ಮಿನಲ್ಲಿ ಬರುತ್ತೆ ಸಾರ್?" ಎಂದು ಒಂದೇ ಪ್ರಶ್ನೆ ಕೇಳಿದ. ಅದಕ್ಕೆ ಕಾಲಮ್ ಇರಲಿಲ್ಲ. ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದ. ನಿಯಮ ಕಂಪನಿಯದು ಎಂದು ಹೇಳಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ಶೀಟಿನಲ್ಲಿ ಅವನ ಹೆಸರಿನ ಮುಂದೆ ಆ ಅಂಕಿ ಟೈಪ್ ಮಾಡಿದ್ದು ನನ್ನ ಕೈ. 97ರ ಕಥೆಯನ್ನು ಅಷ್ಟು ಸಲ ಕೇಳಿದವನು ನಾನು, ನನ್ನ ಕಣ್ಣೆದುರೇ ನಡೆದದ್ದನ್ನು ಸರಾಸರಿಗೆ ಹಾಕಿ ನೋಡಿದ್ದೆ.

ಬಾಬ್ ಟೇಲರ್‌ನನ್ನು ಕರೆದದ್ದು

ವಿಶ್ವನಾಥ್ ಭಾರತದ ನಾಯಕರಾಗಿದ್ದು ಎರಡೇ ಟೆಸ್ಟಿಗೆ. ಒಂದು ಕಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ, ಡ್ರಾ ಆಯಿತು. ಇನ್ನೊಂದು 1980ರ ಫೆಬ್ರವರಿಯಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ, ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್.

ಭಾರತ 242. ಇಂಗ್ಲೆಂಡ್ 58 ಆಗುವಷ್ಟರಲ್ಲಿ 5 ವಿಕೆಟ್ ಕಳೆದುಕೊಂಡಿತು. ಕ್ರೀಸಿನಲ್ಲಿ ಇಯಾನ್ ಬೋಥಮ್ ಮತ್ತು ವಿಕೆಟ್ ಕೀಪರ್ ಬಾಬ್ ಟೇಲರ್. ಕಪಿಲ್ ದೇವ್ ಚೆಂಡಿಗೆ ಟೇಲರ್ ಹಿಂದೆ ಕ್ಯಾಚ್ ಕೊಟ್ಟ ಎಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಟೇಲರ್ ಬ್ಯಾಟಿಗೆ ತಾಗಿಲ್ಲ ಎಂಬಂತೆ ನಿಂತ. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೂ ಹಾಗೇ ಅನಿಸಿತ್ತು. ಅಂಪೈರ್ ಬಳಿ ಹೋಗಿ ಮಾತಾಡಿ, ಟೇಲರ್‌ನನ್ನು ವಾಪಸ್ ಕರೆದರು.

ಟೇಲರ್ 43 ಹೊಡೆದ. ಆ ಜೊತೆಯಾಟ 171 ರನ್ ಆಯಿತು. ಬೋಥಮ್ 114 ರನ್ ಹೊಡೆದು, ಎರಡೂ ಇನಿಂಗ್ಸಿನಲ್ಲಿ ಸೇರಿ 13 ವಿಕೆಟ್ ತೆಗೆದ. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ವಿಶ್ವನಾಥ್‌ಗೆ ಮತ್ತೆ ನಾಯಕತ್ವ ಬರಲಿಲ್ಲ.

ಈ ಘಟನೆಯನ್ನು ಸಾಮಾನ್ಯವಾಗಿ ಸಜ್ಜನಿಕೆಯ ನೀತಿಕಥೆಯಂತೆ ಹೇಳುತ್ತಾರೆ. ನನಗೆ ಅದು ಅಷ್ಟು ಸಲೀಸು ಅನಿಸುವುದಿಲ್ಲ. ಉಳಿದ ಹತ್ತು ಜನರ ದುಡಿಮೆಯೂ ಆ ತೀರ್ಮಾನದಲ್ಲಿ ಸೇರಿತ್ತು. ಕಷ್ಟಪಟ್ಟು ಬೌಲ್ ಮಾಡಿದ ಕಪಿಲ್‌ಗೆ ಸಿಕ್ಕ ವಿಕೆಟ್ಟನ್ನು ನಾಯಕ ತಾನೇ ವಾಪಸ್ ಕೊಟ್ಟಂತೆ ಆಯಿತಲ್ಲ ಎಂದು ಯಾರಾದರೂ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಆದರೆ ವಿಶ್ವನಾಥ್ ಅಂದು ನೋಡಿದ್ದು ಒಂದೇ ವಿಷಯ: ಅವನು ಔಟಾಗಿದ್ದನೋ ಇಲ್ಲವೋ. ಅಂಪೈರ್ ಬೆರಳೆತ್ತಿ ಆಗಿದೆ, ನಿಯಮ ನಮ್ಮ ಪರ ಇದೆ ಎಂದು ಸುಮ್ಮನಿರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ನಿಯಮದ ಹಿಂದೆ ಅಡಗಿಕೊಂಡ ಅನುಭವ ಇರುವ ನನಗೆ ಆ ನಾಲ್ಕು ಹೆಜ್ಜೆ ಎಷ್ಟು ಕಷ್ಟದ್ದು ಎಂದು ಗೊತ್ತು. ಸೋತ ಮೇಲೂ ಅವರು ತಾವು ಮಾಡಿದ್ದು ಸರಿ ಎಂಬ ಮಾತಿನಿಂದ ಹಿಂದೆ ಸರಿದವರಲ್ಲ.

ಕೊನೆಯ ವರ್ಷಗಳು

1982-83ರಲ್ಲಿ ಪಾಕಿಸ್ತಾನಕ್ಕೆ ಆರು ಟೆಸ್ಟುಗಳ ಪ್ರವಾಸ. ಇಮ್ರಾನ್ ಖಾನ್ ಒಬ್ಬನೇ 40 ವಿಕೆಟ್ ತೆಗೆದ. ಭಾರತ 0-3ರಿಂದ ಸೋತಿತು. ವಿಶ್ವನಾಥ್ ಬ್ಯಾಟಿನಿಂದ ರನ್ ಬರಲಿಲ್ಲ. ಕರಾಚಿಯ ಆರನೇ ಟೆಸ್ಟ್ ಅವರ ಕೊನೆಯ ಟೆಸ್ಟ್ ಆಯಿತು. ಆಗ ಅವರಿಗೆ 34 ತುಂಬುತ್ತಿತ್ತು. ಕೆಲವೇ ತಿಂಗಳಲ್ಲಿ, ಜೂನ್ 25ರಂದು, ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ವಿಶ್ವಕಪ್ ಎತ್ತಿ ಹಿಡಿದರು. ದೇಶದ ಕ್ರಿಕೆಟ್ಟೇ ಬದಲಾಯಿತು. 1975 ಮತ್ತು 1979ರ ವಿಶ್ವಕಪ್ ಆಡಿದ್ದ ವಿಶ್ವನಾಥ್ ಆ ಫೋಟೋದಲ್ಲಿ ಇಲ್ಲ.

ಆಮೇಲೂ ಕೆಲವು ವರ್ಷ ಕರ್ನಾಟಕಕ್ಕೆ ಆಡಿದರು. ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಮ್ಯಾಚ್ ರೆಫರಿಯಾಗಿದ್ದರು. 2009ರಲ್ಲಿ ಮಂಡಳಿಯ ಸಿ.ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿ ಬಂತು. ಆತ್ಮಕಥೆ ಹೊರಬರಲು 2022 ಆಗಬೇಕಾಯಿತು. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲು ಅವರಿಗೆ ಅಷ್ಟೇನೂ ಆತುರ ಇರಲಿಲ್ಲ.

ಈಗ ನಾನು ತಿರುವಲ್ಲಿಕ್ಕೇಣಿ ಬಿಟ್ಟು ಊರಿನ ಹೊರವಲಯದ ಅಪಾರ್ಟ್‌ಮೆಂಟಿಗೆ ಬಂದು ಬಹಳ ವರ್ಷವಾಯಿತು. ನಮ್ಮ ಮಾಲೀಕರು ತೀರಿಕೊಂಡರು. ಆ ಹುಡುಗ ಎರಡು ವರ್ಷದ ಹಿಂದೆ ಮೇಲ್ ಮಾಡಿ, ಹೊಸ ಕೆಲಸಕ್ಕೆ ಒಂದು ಶಿಫಾರಸು ಪತ್ರ ಬೇಕು ಸಾರ್ ಎಂದು ಕೇಳಿದ. ನನ್ನನ್ನೇ ಕೇಳಿದ್ದು ಆಶ್ಚರ್ಯ. ಅಂಥ ಪತ್ರಕ್ಕೆ ನಮ್ಮಲ್ಲಿ ಒಂದು ಸಿದ್ಧ ನಮೂನೆ ಇದೆ. ರೇಟಿಂಗ್, ಅಂಕಿ ತುಂಬಿಸಿ ಸಹಿ ಮಾಡಿದರೆ ಆಯಿತು. ನಾನು ಅದನ್ನು ಬದಿಗಿಟ್ಟು, ಸಿಸ್ಟಮ್ ಕೆಟ್ಟು ನಿಂತ ಆ ರಾತ್ರಿ ಎಷ್ಟು ಗಂಟೆಗೆ ಏನಾಯಿತು, ಯಾರು ಎಲ್ಲಿದ್ದರು, ಅವನು ಏನು ಮಾಡಿದ ಎಂದು ಒಂದೂವರೆ ಪುಟ ಬರೆದು ಕಳಿಸಿದೆ. ನಾನು ಕೊಟ್ಟ ರೇಟಿಂಗ್ ತಪ್ಪಾಗಿತ್ತು ಎಂಬುದನ್ನೂ ಬರೆದೆ.

ಕೆಲಸ ಸಿಕ್ಕಿತು ಎಂದು ಅವನು ಫೋನ್ ಮಾಡಿದಾಗ ಚೆಪಾಕ್ ಕಥೆಯನ್ನೂ ಹೇಳಿದೆ. ಅವನು ಕೊಯಮತ್ತೂರಿನವನು. "ನಮ್ಮ ತಾತನೂ ಅದನ್ನೇ ಹೇಳ್ತಾ ಇದ್ರು ಸಾರ್" ಎಂದ.